ಒಣಗುವ ಕ್ರಮ

ಡ್ರ್ಯಾಗನ್ ಮಾರ್ಟಿನ ಹಿಂಬದಿ, ಲಾರಿ ನಿಲ್ಲುವ ಕಟ್ಟೆ.
ಜುಲೈ. ಹನ್ನೆರಡೂವರೆಯಿಂದ ಮೂರರ ತನಕ
ಬಿಸಿಲಲ್ಲಿ ಕೆಲಸ ಕೂಡದೆಂದು ಕಟ್ಟಳೆ;
ಲೋಡರುಗಳು ನೆರಳಲ್ಲಿ ರಟ್ಟು ಹಾಸಿ ಮಲಗಿದ್ದಾರೆ.
ನಾನು, ವಲೇರಿಯನ್, ಗೋಡೌನಿನ ಲೆಕ್ಕದವ,
ಪೇಂಟಿನ ಕುಂಚ ಬಕೆಟ್ಟಿನಲ್ಲಿ ಅದ್ದಿ
ಸಿಮೆಂಟಿನ ಮೇಲೆ ನೀರು ಎಂದು ಬರೆಯುತ್ತೇನೆ,
ನೀರಿನಿಂದಲೇ, ಚೀನಿಯಲ್ಲಿ.

ಶುರುವಾದದ್ದು ನಾಚಿಕೆಯಿಂದ.
ಬಿಸಿನೀರಿನ ಪೈಪು ನೂರಿಪ್ಪತ್ತು ಕಟ್ಟು ಕೇಳಿದ
ಫುಜೈರಾದ ಹೋಟೆಲಿಗೆ
ತಣ್ಣೀರಿನದ್ದು ಕಳಿಸಿಬಿಟ್ಟಿದ್ದೆ.
ಚೀಟಿಯ ಮೇಲೆ ದೊಡ್ಡದಾಗಿಯೇ ಬರೆದಿತ್ತು,
ಓದಲು ಬಾರದವನಿಗೆ ಎರಡೂ ಇರುವೆಗೂಡು.
ಸಂಬಳದಲ್ಲಿ ಮುನ್ನೂರು ದಿರ್ಹಂ ಹೋಯಿತು.
ಕ್ಯಾಶಿನ ಯಾನ್‌ಹೋಂಗ್ ಏನೂ ಅನ್ನಲಿಲ್ಲ,
ಮರುದಿನ ಕುಂಚ ತಂದುಕೊಟ್ಟಳು.

ತಣ್ಣಗಿನದಕ್ಕೆ ಎಡಗಡೆ ಎರಡು ಚುಕ್ಕಿ, ಅದು ಮಂಜು.
ಬಿಸಿಗೆ ಅಡಿಯಲ್ಲಿ ನಾಲ್ಕು, ಅದು ಬೆಂಕಿ.
ಅಷ್ಟು ಕಲಿತರೆ ಸಾಕಿತ್ತು ಸಂಬಳ ಉಳಿಯಲು.
ಅವಳು ಬಿಡಬೇಕಲ್ಲ!
ಮೊದಲು ಅಡ್ಡ, ಆಮೇಲೆ ಉದ್ದ.
ಬಾಯಿ ಅಂದರೊಂದು ಚೌಕ, ನಾಲ್ಕು ಗೆರೆ ಅಂದುಕೊಂಡಿದ್ದೆ;
ಮೂರೇ ಅಂತೆ, ಮೇಲಿನದು ಮೂಲೆಯಲ್ಲಿ ಮುರಿದು
ತಾನೇ ಬಲಕ್ಕೆ ಇಳಿಯುತ್ತದೆ, ಕೈ ಎತ್ತುವ ಹಾಗಿಲ್ಲ.
ನೀರಿಗೆ ಮಾತ್ರ ನಡುವಿನ ಕೊಕ್ಕೆ ಮೊದಲು,
ಆಮೇಲೆ ಎಡ, ಆಮೇಲೆ ಬಲ.
ನೀರಿಗೂ ಇಷ್ಟು ಶಿಸ್ತೇ ಮಾರಾಯ್ತಿ ಎಂದರೆ
ನೀರಿಗೇ ಬೇಕಾದ್ದು, ಅಂದಳು.
ಅವಳದು ಮೀನಂಗಡಿಯ ಹಿಂದಿ,
ನನ್ನದೂ ಅಷ್ಟೇ.

ಪೆಟ್ಟಿಗೆಯೊಳಗೊಂದು ಪೆಟ್ಟಿಗೆ:
ಮರಳುವುದು ಎಂಬ ಪದ.
ಹೊರಗಿನ ಮೂರು ಗೋಡೆ ಎಬ್ಬಿಸಿ, ಒಳಗಿನದು ಪೂರ್ತಿ ಮಾಡಿ,
ಹೊಸ್ತಿಲನ್ನು ಕಟ್ಟಕಡೆಗೆ ಎಳೆಯಬೇಕು.
ಜನ ಒಳಗೆ ಬರಲಿ, ಕದ ಆಮೇಲೆ.
ನಾನು ನಾಲ್ಕೂ ಕಡೆ ಮುಚ್ಚಿಯೇ ಒಳಗಿನದು ಬರೆದೆ.
ನೋಡಲು ಏನು ವ್ಯತ್ಯಾಸ?
ಅವಳು ಫೋನಿನಲ್ಲಿ ಯಾರಿಗೋ ಬಿಲ್ಲಿನ ನಂಬರು ಓದುತ್ತಿದ್ದಳು,
ಬೆನ್ನು ನನ್ನ ಕಡೆ.

ಆದರೆ ಆ ಬಿಸಿಲು.
ಮೊದಲ ಗೆರೆ ಮೊದಲು ಆರಿತು,
ಎರಡನೆಯದು ಅದರ ಹಿಂದೆಯೇ.
ಹೊರಗೋಡೆಯೆಲ್ಲ ಹೋಗಿ
ಒಳಗಿನ ಪುಟ್ಟ ಚೌಕವೊಂದೇ
ಬಟ್ಟಬಯಲಲ್ಲಿ ಹಸಿಯಾಗಿ ಉಳಿದಿತ್ತು
ಅವಳು ತಿರುಗಿ ನೋಡುವಾಗ.
ಕದ ಹಾಕಿದ ಮೇಲೆ ನೆಂಟರನ್ನು ಕರೆದೆಯಾ?

ನಗು ನಿಂತ ಮೇಲೆ,
ನಿನ್ನ ಲಿಪಿಯಲ್ಲಿ ಏನಾದರೂ ಬರೆ, ಅಂದಳು.
ನನ್ನ ಹೆಸರು ಹೊಳೆಯಲಿಲ್ಲ. ಬೆರ್ತಾ ಎಂದು ಬರೆದೆ.
ಶಿರ್ವದ ಒಂದನೇ ಕ್ಲಾಸಿನ ಬೆರ್ತಾ ಟೀಚರು,
ಹುಣಸೆಬೀಜ ಜೋಡಿಸಿ ಅಕ್ಷರ ಮಾಡಿಸುತ್ತಿದ್ದವರು.
ಬೀಜದ ಸಾಲಿಗೆ ಮೊದಲು ಕೊನೆ ಎಲ್ಲಿಯದು,
ಯಾವ ಕಡೆಯಿಂದ ಇಟ್ಟರೂ ಬ ಬವೇ.
ಯಾವ ಗೆರೆ ಮೊದಲು? ಯಾನ್‌ಹೋಂಗ್ ಕೇಳಿದಳು.
ಎತ್ವವೋ, ಹೊಟ್ಟೆಯೋ?
ನನ್ನ ಕೈಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಮತ್ತೆ ಇದು, ಕೊನೆಗಿಟ್ಟ ಈ ಕೊಂಕು?
ಅರ್ಕಾವತ್ತು, ಅಂದೆ.
ಬಾಯಲ್ಲಿ ತಾ ಬರುವ ಮುಂಚೆ ಬರಬೇಕಾದ್ದು,
ಕೈಯಲ್ಲಿ ತಾ ಆದ ಮೇಲೆ.
ಮರೆತರೆ ಟೀಚರು ಗೆಣ್ಣಿಗೆ ಅಡಿಕೋಲು ಹಾಕುತ್ತಿದ್ದರು.
ಅವಳು ಕುಕ್ಕರಗಾಲಲ್ಲಿ ಕೂತು ನೋಡಿದಳು.
ಇದು ತಡವಾಗಿ ಬಂದದ್ದು ಪಾಪ,
ಚಪ್ಪಲಿ ಬಿಡುವಲ್ಲಿ ಕೂತಿದೆ, ಅಂದಳು,
ಆದರೆ ನೀವು ಹಾಜರಿ ಮಾತ್ರ ಸರಿಯಾದ ಹೊತ್ತಿಗೆ ಕೂಗುತ್ತೀರಿ.

ಬೆ ಹೋಯಿತು.
ತಾ ಅಂಚಿನಿಂದ ತೆಳುವಾಗಿ, ಅದೂ ಹೋಯಿತು.
ಎರಡು ಉಸಿರಿನಷ್ಟು ಹೊತ್ತು
ಬರೀ ಅರ್ಕಾವತ್ತು,
ಯಾವ ಅಕ್ಷರಕ್ಕೂ ಒರಗದೆ.

ಮೂರು ಗಂಟೆ. ಲೋಡರುಗಳು ರಟ್ಟು ಮಡಚಿದರು.
ಫುಜೈರಾದ ಲಾರಿ ಹಿಂದಕ್ಕೆ ಬಂದು ಕಟ್ಟೆಗೆ ತಾಗಿತು,
ನೀರು ಬಿದ್ದ ಜಾಗದ ಮೇಲೆಯೇ ಟ್ರಾಲಿ ಹಾದುಹೋಯಿತು.
ಕಟ್ಟಿಗೊಂದು ಚೀಟಿ. ಪ್ರತಿಯೊಂದರ ಅಡಿಯಲ್ಲಿ
ನಾಲ್ಕು ಚುಕ್ಕಿ ಎಣಿಸಿ ಟಿಕ್ ಹಾಕಿದೆ,
ಎಡದಿಂದ ಬಲಕ್ಕೆ.