ಬಾಗಿಲು ಹಾಕಿದೆ

ಹಗಲೆಲ್ಲ ಕಾಟನ್‌ಪೇಟೆಯ ಬೀಟು,
ಸಂಜೆ ಆರಕ್ಕೆ ಚಾಮರಾಜಪೇಟೆಯ ಲಾ ಕಾಲೇಜು.
ಖಾಕಿಯ ಮೇಲೊಂದು ಸ್ವೆಟರು ಏರಿಸಿ
ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ,
ಸೈಕಲ್ಲಿನ ಎಣ್ಣೆ ಇನ್ನೂ ಪ್ಯಾಂಟಿನ ತುದಿಯಲ್ಲಿ.

ಬ್ಯಾಂಕಿಂಗ್ ಕಾನೂನಿಗೆ ಚೆಲುವಾಜಮ್ಮಣ್ಣಿಯವರು.
ನಮ್ಮ ಬಾಯಲ್ಲಿ ಚೆಕ್ಕಮ್ಮಣ್ಣಿ.
ಅವರಿಗೂ ಗೊತ್ತಿತ್ತು. ಒಮ್ಮೆ ಹಾಜರಿ ಮುಗಿಸಿ
‘ಚೆಕ್ಕಮ್ಮಣ್ಣಿ, ಹಾಜರ್’ ಎಂದು ತಾವೇ ಕೂಗಿಕೊಂಡು
ಬೋರ್ಡಿಗೆ ತಿರುಗಿ ಎಳೆದರು ಎರಡು ಗೀಟು, ಓರೆಯಾಗಿ:
‘ಇಷ್ಟೇ ನೋಡಿ ಅಡ್ಡಗೀಟು.
ಕೌಂಟರಿನಲ್ಲಿ ಯಾರ ಕೈಗೂ ಕಾಸು ಕೊಡಬೇಡ
ಅನ್ನುತ್ತದೆ, ಬಾಯಿಲ್ಲದೆ.’

ತೊಂಬತ್ತೆರಡೋ ಮೂರೋ, ಕಾಲೇಜಿಗೆ ಕಂಪ್ಯೂಟರ್ ಬಂತು.
ಪ್ರಿನ್ಸಿಪಾಲರು ಕುಂಕುಮವಿಟ್ಟು, ನಿಂಬೆಹಣ್ಣು ಕಟ್ಟಿ,
ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದರು.
ಬೀಗದ ಕೈ ಕೇಳಿ ಪಡೆದವರು ಇವರೊಬ್ಬರೇ.
ರಜೆಯಿಡೀ ಕೂತು, ನೂರ ಮೂವತ್ತೆಂಟನೆಯ ಕಲಮನ್ನು
ಅವರೆಕಾಳು ಹಿದುಕಿದ ಹಾಗೆ ಹಿದುಕಿ ಹಿದುಕಿ
ಒಂದೊಂದೇ ಪ್ರಶ್ನೆಯಾಗಿ ಅದರೊಳಗೆ ಇಟ್ಟರು.

ಕಪ್ಪು ಪರದೆ, ಹಸಿರು ಅಕ್ಷರ:
ಚೆಕ್ಕು ಸಾಲಕ್ಕೆಂದು ಕೊಟ್ಟದ್ದೆ? ಹೌದು, ಇಲ್ಲ.
ಖಾತೆಯಲ್ಲಿ ಹಣವಿತ್ತೆ? ಹೌದು, ಇಲ್ಲ.
ಹದಿನೈದು ದಿನದೊಳಗೆ ನೋಟಿಸು ಕಳಿಸಿದೆಯಾ?
ತಪ್ಪಿದರೆ ಕೀಂಕ್. ಸರಿಯಾದರೆ ‘ಮುಂದಕ್ಕೆ ಹೋಗು’.
ತರಗತಿಯಲ್ಲಿ ಬಾಯಿ ಬಿಡದ ನಾವು
ಅದರ ಮುಂದೆ ಎಷ್ಟು ಸಲವಾದರೂ
ದಡ್ಡರಾಗಬಹುದಿತ್ತು, ಯಾರೂ ನಗುತ್ತಿರಲಿಲ್ಲ.

ನನ್ನ ಸರದಿಯ ದಿನ ಕೇಳಿತು:
ನೋಟಿಸು ತಲುಪಿತೆ?
ಕೈ ನಿಂತುಬಿಟ್ಟಿತು.

‘ಏನಾಯ್ತು ಗವಿರಂಗಯ್ಯ?’
‘ಇದಕ್ಕೆ ಎರಡೂ ಉತ್ತರವಲ್ಲ, ಮೇಡಂ.
ಬೆಳಿಗ್ಗೆ ತಾನೇ ಮೂರು ಕವರು ವಾಪಸು ಮಾಡಿದೆ,
ಬೆನ್ನಿಗೆ “ಬಾಗಿಲು ಹಾಕಿದೆ” ಎಂದು ಬರೆದು.
ಒಂದು ಮನೆಗೆ ನಿಜವಾಗಿ ಬೀಗ, ಬೀಗಕ್ಕೆ ಜೇಡರಬಲೆ.
ಇನ್ನೊಂದರಲ್ಲಿ ಒಳಗಡೆ ಕುಕ್ಕರು ಕೂಗುತ್ತಿತ್ತು.
ಮೂರನೆಯದರ ಕಿಟಕಿಯಿಂದ ಬಳೆಯಿಲ್ಲದ ಕೈಯೊಂದು ಬಂದು
ಐದು ರೂಪಾಯಿ ಚಾಚಿತು, ಹೋಗಪ್ಪಾ ಎನ್ನುವ ಹಾಗೆ.
ಮೂರಕ್ಕೂ ಒಂದೇ ಷರಾ.’

ತಗೊಂಡೆಯಾ ಎಂದು ಅವರು ಕೇಳಲಿಲ್ಲ.
ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ತುಂಬ ಹೊತ್ತು.

ಮುಂದಿನ ವಾರ ಮೂರನೆಯ ಉತ್ತರವಿತ್ತು:
ಹೌದು, ಇಲ್ಲ, ಬಾಗಿಲು ಹಾಕಿದೆ.
ಅದನ್ನೊತ್ತಿದರೆ ಕೀಂಕ್ ಇಲ್ಲ, ಮುಂದಕ್ಕೂ ಇಲ್ಲ;
ಒಂದು ಸಾಲು, ಅದರ ತುದಿಗೆ ಮಿಣುಕುವ ಗೀಟು:
‘ಒಳಗೆ ಯಾರಿದ್ದರು? ಬರೆ.’

ಬರೆದೆವು. ಗಿರವಿ ಅಂಗಡಿಯ ಗುಮಾಸ್ತ ಬರೆದ,
ಚೀಟಿ ಮುಳುಗಿಸಿಕೊಂಡ ಫಾತಿಮಾಬಿ ಬರೆದರು.
ಅಂಕ ಕೊಡಲು ಯಂತ್ರಕ್ಕೆ ಬರಲಿಲ್ಲ.
ಅಂಚಿಗೆ ತೂತಿದ್ದ ಉದ್ದನೆಯ ಹಾಳೆಯಲ್ಲಿ ಅಚ್ಚು ತೆಗೆದು
ಸೀರೆಯಂತೆ ಮಡಿಸಿ ಮನೆಗೊಯ್ದರು,
ರಾತ್ರಿ ಕೂತು ಕೆಂಪು ಶಾಯಿಯಲ್ಲಿ ತಿದ್ದಿದರು.

ಆಮೇಲೆ ಕಾಯಿದೆ ಬದಲಾಯಿತು,
ಹದಿನೈದು ದಿನ ಮೂವತ್ತಾಯಿತು.
ಅಷ್ಟರಲ್ಲಿ ಅವರು ನಿವೃತ್ತರು. ಫ್ಲಾಪಿಯನ್ನು ತಿದ್ದುವವರಿಲ್ಲದೆ
ಅದರೊಳಗೆ ಹದಿನೈದು ಹದಿನೈದಾಗಿಯೇ ಉಳಿಯಿತು.

ಈಗ ನನ್ನದು ಕರಿಕೋಟು, ಮೇಯೊ ಹಾಲಿನ ಕೋರ್ಟು.
‘ಬಾಗಿಲು ಹಾಕಿದೆ ಎಂದರೆ ತಲುಪಿದಂತೆಯೇ, ಸ್ವಾಮಿ’
ಎಂದು ವಾದಿಸುತ್ತೇನೆ. ಕಾನೂನೂ ಹಾಗೇ ಇದೆ. ಗೆಲ್ಲುತ್ತೇನೆ.
ಆದರೂ ಕವರನ್ನು ಮಗುಚಿ ನೋಡುವ ಚಾಳಿ ಬಿಟ್ಟಿಲ್ಲ.
ಯಾವ ಹುಡುಗನ ಷರಾವೋ,
ಎಷ್ಟು ಹೊತ್ತು ನಿಂತಿದ್ದನೋ ಹೊಸ್ತಿಲಲ್ಲಿ.

ಆ ಐದು ರೂಪಾಯಿಯ ಮಾತು
ಮನೆಯವಳಿಗೂ ಹೇಳಿಲ್ಲ. ಅವತ್ತು ಪರದೆಗೆ ಮಾತ್ರ ಬರೆದಿದ್ದೆ.
ನನ್ನ ಹಾಳೆ ವಾಪಸು ಬಂದಾಗ
ಅಂಕವಿರಲಿಲ್ಲ, ಬೈಗುಳವಿರಲಿಲ್ಲ;
ಆ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ
ಎರಡು ಗೀಟು, ಓರೆಯಾಗಿ.