ಬೈತಖೋಲದಲ್ಲಿ, ರಜೆಯ ಮೇಲೆ

ಮೀನಿಗೂ ಹೆರಿಗೆ ರಜೆ ಉಂಟು. ಅರವತ್ತೊಂದು ದಿನ,
ಜೂನ್ ಒಂದರಿಂದ ಜುಲೈ ಮೂವತ್ತೊಂದು.
ಆ ಆದೇಶವನ್ನು ವರ್ಷವರ್ಷವೂ ಟೈಪು ಮಾಡಿದವಳು ನಾನೇ,
ಮೀನುಗಾರಿಕೆ ಇಲಾಖೆಯ ದ್ವಿತೀಯ ದರ್ಜೆ ಸಹಾಯಕಿ.
ನನ್ನದು ನೂರಾ ಎಂಬತ್ತು.
ಅದನ್ನು ಮಾತ್ರ ಬೇರೆ ಯಾರೋ ಟೈಪು ಮಾಡಿದರು,
ನನ್ನ ಹೆಸರಿನ ಒಂದು ಒತ್ತು ನುಂಗಿ.

ನಲವತ್ತೆರಡನೆಯ ದಿನ, ಆರು ವಾರದ ಚುಚ್ಚುಮದ್ದು ಮುಗಿಸಿ
ಮರಳುವಾಗ ರಿಕ್ಷಾ ಬೈತಖೋಲದಲ್ಲಿ ಕೆಟ್ಟು ನಿಂತಿತು.
ದಡಕ್ಕೆಳೆದ ದೋಣಿಗಳು ತಾಡಪಾಲಿನಡಿ.
ಒಂದರ ಮೂತಿಯೆದುರು ಇನಾಸ್ ಬಾಬ್,
ಅರ್ಧ ಬರೆದ ‘ಶ್ರೀ’ಯನ್ನು ನೋಡುತ್ತ ಕೂತಿದ್ದ.
‘ಕೈ ನಡುಗ್ತದೆ ಬಾಯ್, ಈ ಸಲ ಗೆರೆ ನೇರ ಬರೂದಿಲ್ಲ.’
ನಾನು ಅವನ ಮಡಿಲಿಗೆ ಮಗು ಕೊಟ್ಟೆ,
ಅವನು ನನಗೆ ಕುಂಚ.
ರಿಕ್ಷಾದವ ಪ್ಲಗ್ಗು ಒರೆಸುತ್ತ ನಮ್ಮಿಬ್ಬರನ್ನೂ ನೋಡಿದ.

ಒಂಬತ್ತು ವರ್ಷ ಈ ದೋಣಿಗಳನ್ನೇ ಬರೆದಿದ್ದೇನೆ,
ನೋಂದಣಿ ಪುಸ್ತಕದಲ್ಲಿ, ಉದ್ದ, ಅಗಲ, ಅಶ್ವಶಕ್ತಿ,
ಹೆಸರಿನ ಕಾಲಮ್ಮು ಎರಡು ಬೆರಳಗಲ.
ಇಲ್ಲಿ ಒಂದಕ್ಷರ ನನ್ನ ಮೊಣಕೈವರೆಗೆ.
‘ಸವ್ಕಾಸ್, ಸವ್ಕಾಸ್’ ಎಂದ ಇನಾಸ್,
ಮಗುವಿಗೋ ನನಗೋ.

ಮನೆಗೆ ಬಂದು ಹಳೇ ಕ್ಯಾಲೆಂಡರಿನ ಬೆನ್ನಲ್ಲಿ
ರಾತ್ರಿ ಎರಡಕ್ಕೆ, ಮೂರೂವರೆಗೆ, ಹಾಲು ಕುಡಿಸಿದ ಮೇಲೆ
ಅಕ್ಷರ ತಿದ್ದಿದೆ, ಒಂದನೇ ಇಯತ್ತೆಯವಳ ಹಾಗೆ.
‘ಠ’ ನೋಡಿ, ಒಳಗೊಂದು ಚುಕ್ಕಿ ಹೊತ್ತ ಬಸುರಿ.
ಚುಕ್ಕಿ ತೆಗೆದರೆ ‘ರ’.
ಅದರ ಖಾಲಿಯನ್ನು ತುಂಬಾ ಹೊತ್ತು ನೋಡಿದೆ.

ಸೀಮೆಎಣ್ಣೆ ವಾಸನೆಗೆ ಮಗು ಮೊಲೆಯಿಂದ ಮುಖ ತಿರುಗಿಸಿತು.
ಕೊಬ್ಬರಿಎಣ್ಣೆ, ಕಡಲೆಹಿಟ್ಟು, ಮತ್ತೆ ಸಾಬೂನು.
ಅತ್ತೆ ಏನೂ ಅನ್ನಲಿಲ್ಲ,
ಬಿಸಿನೀರಿನ ತಂಬಿಗೆಯನ್ನು ಸ್ವಲ್ಪ ಜೋರಾಗಿ ಇಟ್ಟರು.
ದಿಗಂಬರ ಅಂದ:
‘ನನ್ನದು ಬಂದರಿನ ಗುತ್ತಿಗೆ, ಪ್ರತಿ ಏಪ್ರಿಲಿಗೆ ಮುರೀತದೆ.
ನಿನ್ನದು ನಿನ್ನಪ್ಪ ಸತ್ತು ಕೊಟ್ಟ ಕುರ್ಚಿ.’
ಹೌದು. ಅನುಕಂಪದ ನೇಮಕಾತಿ.
ಅಪ್ಪ ಇಲಾಖೆಯ ಲಾಂಚು ನಡೆಸುತ್ತಿದ್ದ.
ಆ ಲಾಂಚಿಗೆ ಹೆಸರಿರಲಿಲ್ಲ, ನಂಬರು ಮಾತ್ರ.

ಜುಲೈ ಮುಗಿಯುವಾಗ ಏಳು ದೋಣಿ.
ಕೊನೆಯದರಲ್ಲಿ ಪುರ್ಸೊ ತಾಂಡೇಲನ ಚೌಕಾಶಿ,
‘ಅಕ್ಷರಕ್ಕೆ ದುಡ್ಡು ಕೊಡ್ತೆ, ಒತ್ತು ಬಿಟ್ಟಿ ಹಾಕು.’
ಒತ್ತು ಬಿಟ್ಟಿಯಿಲ್ಲ ಅಂದೆ.
ನನ್ನ ದನಿ ಯಾಕೆ ಅಷ್ಟು ಏರಿತೋ,
ಪಾಪ, ಅವನು ಸುಮ್ಮನೆ ಕೊಟ್ಟ.

ಆಗಸ್ಟ್ ಒಂದು. ಮೀನಿನ ರಜೆ ಮುಗಿಯಿತು.
ನನ್ನ ಏಳು ಹೆಸರು ಅಲೆಯಲ್ಲಿ ಒದ್ದೆಯಾಗುತ್ತ
ದೇವಗಡ ದ್ವೀಪದಾಚೆ ಸಣ್ಣಗಾದವು.
ನನಗಿನ್ನೂ ನೂರಾಮೂರು ದಿನ, ಬರೆಯಲು ದೋಣಿಯಿಲ್ಲ.
ಕಾಜುಬಾಗದ ಹಿಟ್ಟಿನ ಗಿರಣಿ ಬರೆಸಿತು,
ಕೋಡಿಬಾಗದ ಸೋಡಾ ಅಂಗಡಿ ಬರೆಸಿ ಉದ್ರಿ ಹೇಳಿತು.
ಉಳಿದವರೆಲ್ಲ, ‘ಫ್ಲೆಕ್ಸ್ ಅಗ್ಗ ಅಲ್ಲ ಮೇಡಂ?’
ಅಗ್ಗವೇ.
ಒಂದು ಸಂಜೆ ಪುರ್ಸೊ ಬಂಗಡೆ ಕಳಿಸಿದ, ಹನ್ನೆರಡು,
ದೂರದಿಂದಲೇ ನನ್ನ ದೋಣಿ ಗುರ್ತು ಸಿಗ್ತದೆ, ಅಂತ ಹೇಳಿಕಳಿಸಿದ.
ಅವತ್ತು ಅತ್ತೆ ತಾವಾಗಿ ಮಗುವನ್ನೆತ್ತಿಕೊಂಡು
‘ಹೋಗು, ಬೆಳಕಿರುವಾಗ ಬರಿ’ ಅಂದರು.

ನವೆಂಬರ್ ಹನ್ನೆರಡಕ್ಕೆ ಹಾಜರಾದೆ.
ಹೊಸ ದೋಣಿಯೊಂದರ ಕಡತ ಕಾದಿತ್ತು.
ಹೆಸರು ಬರೆದೆ, ಅದು ಗೆರೆ ದಾಟಿ ಅಶ್ವಶಕ್ತಿಯ ಮೇಲೆ ಕಾಲಿಟ್ಟಿತು.
‘ಕಾಲಮ್ಮಿನೊಳಗೆ ಬರೀರಿ’ ಎಂದರು ಸೂಪರಿಂಟೆಂಡೆಂಟರು.
ಹನ್ನೊಂದಕ್ಕೆ ಹಾಲು ತಾನಾಗಿ ಇಳಿದು ಕುಪ್ಪಸ ಒದ್ದೆ.

ಲೆಕ್ಕ ಗೊತ್ತು ನನಗೆ, ಗುಮಾಸ್ತೆ.
ದೋಣಿಗಳು ಮತ್ತೆ ದಡ ಹತ್ತಲು ಇನ್ನೂರ ಒಂದು ದಿನ.
ಮೂರು ತಿಂಗಳ ನೋಟೀಸು, ಅಂದರೆ ಮಾರ್ಚ್ ಒಂದು.
ಮೇಜಿನ ಒಳಗೊಂದು ಬಿಳಿ ಹಾಳೆ ಇದೆ.
ವಿಷಯ ಬರೆದಿಲ್ಲ, ತಾರೀಖು ಹಾಕಿಲ್ಲ.
ಕೆಳಗೆ ಹೆಸರಷ್ಟೇ, ಪ್ರಫುಲ್ಲಾ,
ಲಕಾರಕ್ಕೆ ಲಕಾರದ ಒತ್ತು,
ದಪ್ಪಗೆ, ನೆರಳು ಸಮೇತ.