ಅಂದಾಜು ಕಿಲೋಮೀಟರ್

ಶಂಟಿಂಗ್ ಎಂಜಿನ್ನಿಗೆ ದೂರ ಅಂತಿಲ್ಲ.
ಹೋದದ್ದೇ ಬಂದದ್ದು, ಬಂದದ್ದೇ ಹೋದದ್ದು.
ಆದರೂ ಲೆಡ್ಜರಿನಲ್ಲಿ ದೂರಕ್ಕೊಂದು ಕಲಮು ಇತ್ತು,
ಖಾಲಿ ಬಿಡುವಂತಿರಲಿಲ್ಲ.
ಹಾಗಾಗಿ ಓಸ್ಲೋದಿಂದ ಅಪ್ಪಣೆ:
ದುಡಿದ ಗಂಟೆಯೊಂದಕ್ಕೆ ಐದು ಕಿಲೋಮೀಟರ್ ಹಿಡಿಯಿರಿ.

ನಾನು, ರಾಗ್ನ್‌ಫ್ರಿಡ್, ಟ್ರೋನ್‌ಹೈಮ್ ಯಾರ್ಡಿನ ಗುಮಾಸ್ತೆ,
ಹತ್ತೊಂಬತ್ತು ವರ್ಷ ಹಾಗೇ ಹಿಡಿದೆ.

ಒಂಬತ್ತು ಬಂದಿದ್ದವಂತೆ, ನಾನು ಹುಟ್ಟಿದ ವರ್ಷ,
ಒಂದೇ ಅಚ್ಚಿನವು: ಮೂರು ಜೋಡಿ ಗಾಲಿ, ಗಿಡ್ಡ ಚಿಮಣಿ,
ಎರಡೂ ಕಂಕುಳಲ್ಲಿ ಕೊಡ ಇಟ್ಟುಕೊಂಡವಳ ಹಾಗೆ
ಅತ್ತೊಂದು ಇತ್ತೊಂದು ನೀರಿನ ತೊಟ್ಟಿ.
ಬಂದಿಳಿದ ದಿನವೇ ಗಂಡಸರು ಹೆಸರಿಟ್ಟರು:
ಶೆರಿಂಗಾ. ಮುದುಕಿ.
ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು.

ಒಂದು ಬರ್ಗೆನ್ನಿಗೆ ಹೋಗಿ ಮಳೆಯಲ್ಲಿ ತುಕ್ಕಾಯಿತು.
ಇನ್ನೊಂದು ಬಂದರುಕಟ್ಟೆಯಿಂದ ನೀರಿಗೆ ಬಿತ್ತು,
ಹೆರಿಂಗ್ ಮೀನಿನ ಮೂರು ಬೋಗಿ ಸಮೇತ.
ಎತ್ತಿದರು, ಒರೆಸಿದರು, ಮತ್ತೆ ಕೆಲಸಕ್ಕೆ ಹಚ್ಚಿದರು;
ಹತ್ತು ವರ್ಷ ಅದರ ಹೊಗೆಯೂ ಮೀನು ನಾರುತ್ತಿತ್ತಂತೆ.
ಸುಳ್ಳಿರಬೇಕು.
ಉಳಿದವುಗಳ ಕಡತ ನನ್ನ ಕೈಗೆ ಬರಲಿಲ್ಲ.
ನಮ್ಮ ಪಾಲಿಗೆ ಬಂದದ್ದು ಏಳನೆಯದು.

ಅದರ ಡ್ರೈವರ್ ಆರ್ನ್‌ಲ್ಯೋಟ್, ಮಾತು ಕಡಿಮೆ,
ಕಲ್ಲಿದ್ದಲ ಸಲಿಕೆ ತೊಳೆದು ಅದರ ಮೇಲೇ ಮೀನು ಹುರಿಯುವವ.
ಕೊಂಡಿ ಹಾಕುವ ಪೆಡರ್,
ಎರಡು ಬೆರಳು ಬಫರ್‌ಗಳ ನಡುವೆ ಬಿಟ್ಟವನು,
ಉಳಿದ ಎಂಟರಲ್ಲಿ ಬಾವುಟ ಬೀಸುತ್ತಿದ್ದ.
ಜನವರಿಯಲ್ಲಿ ಪಾಯಿಂಟ್‌ಗಳು ಕಲ್ಲಾದಾಗ
ಉಪ್ಪು ಚೆಲ್ಲಿ, ಪೊರಕೆಯಲ್ಲಿ ಗುಡಿಸಿ, ಬೈದು, ಮತ್ತೆ ಉಪ್ಪು.
ಮರದ ದಿಮ್ಮಿ ಸ್ವೀಡನ್ನಿಗೆ, ಮೀನು ದಕ್ಷಿಣಕ್ಕೆ,
ಮದುವೆಗೆ ಹೊರಟವರ ಡಬ್ಬಿ ಮೂರನೇ ಪ್ಲಾಟ್‌ಫಾರ್ಮಿಗೆ.
ಎಲ್ಲವನ್ನೂ ಜೋಡಿಸಿಕೊಟ್ಟು ಮುದುಕಿ ಹಿಂದೆ ಸರಿಯುತ್ತಿತ್ತು.
ಲಾಳಿಗೆ ಸೀರೆಯ ಉಸಾಬರಿ ಯಾಕೆ.

ಯುದ್ಧದ ನಾಲ್ಕನೇ ಚಳಿಗಾಲ
ಮೊಹರು ಹಾಕಿದ ಬೋಗಿಯೊಂದು ಬಂತು ರಾತ್ರಿ,
ಪಕ್ಕದಲ್ಲಿ ಜರ್ಮನ್ ಸಿಪಾಯಿ.
ಉತ್ತರಕ್ಕೆ ಹಳಿ ಹಾಕಲು ಒಯ್ಯುತ್ತಿದ್ದ ಕೈದಿಗಳು,
ಯಾವ ದೇಶದವರೋ.
ಒಳಗೆ ಯಾರೋ ಕೆಮ್ಮಿದರು.
ಆರ್ನ್‌ಲ್ಯೋಟ್ ಹಬೆಯನ್ನು ದಾರದಷ್ಟು ಬಿಟ್ಟ.
ಬಫರಿಗೆ ಬಫರ್ ತಾಗಿದ ಸದ್ದೇ ಕೇಳಲಿಲ್ಲ,
ಅಷ್ಟು ಮೆತ್ತಗೆ ತೊಟ್ಟಿಲನ್ನೂ ಯಾರೂ ತೂಗಿರಲಾರರು.
ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ ಅವನು.
ಅಷ್ಟೇ ಮಾಡಿದೆ, ಅಂತ ವರ್ಷಗಳ ನಂತರವೂ ಹೇಳುತ್ತಿದ್ದ,
ಕಾಫಿ ಬಟ್ಟಲು ನೋಡುತ್ತ. ಅಷ್ಟೇ.
ಆ ನಲವತ್ತು ನಿಮಿಷಕ್ಕೂ ನಾನು ದೂರ ಬರೆದಿದ್ದೇನೆ:
ಮೂರು ಕಿಲೋಮೀಟರ್, ಚಿಲ್ಲರೆ.

ಆಮೇಲೆ ಡೀಸೆಲ್ ಬಂತು.
ಗುಂಡಿ ಒತ್ತಿದರೆ ಸಾಕು; ನಸುಕಿನಲ್ಲಿ ಎದ್ದು ಬೆಂಕಿ ಹಚ್ಚುವ
ಹುಡುಗ ಬೇಡ.
ಮುದುಕಿಯನ್ನು ಗೋಡೆ ಪಕ್ಕ ನಿಲ್ಲಿಸಿ, ಕೊಳವೆ ಸಿಕ್ಕಿಸಿ,
ಖಾಲಿ ಬೋಗಿಗಳನ್ನು ಬೆಚ್ಚಗಿಡಲು ಹಬೆ ಕಾಯಿಸಿದರು
ಎರಡು ಚಳಿಗಾಲ.
ಕೆಟಲ್ ಆಯಿತು ನೋಡಿ, ಅಂದ ಪೆಡರ್.
ಯಾರೂ ನಗಲಿಲ್ಲ, ಅವನೂ.

ಗುಜರಿಗೆ ಕಳಿಸುವ ಆಜ್ಞೆ ಬಂದ ಸಂಜೆ
ನಲವತ್ತು ವರ್ಷದ ಲೆಕ್ಕ ಕೂಡಿದೆ.
ಯಾರ್ಡಿನ ಬೇಲಿ ದಾಟದ ಎಂಜಿನ್
ಇಪ್ಪತ್ತು ಸಲ ಭೂಮಿ ಸುತ್ತಿತ್ತು ನನ್ನ ಕೈಬರಹದಲ್ಲಿ,
ನನ್ನದು, ನನಗಿಂತ ಮುಂಚಿನ ಇಬ್ಬರದ್ದು.

ಜೂನ್ ಬೆಳಗ್ಗೆ ಕರೆದೊಯ್ದರು.
ಗಾಲಿಗಳ ನಡುವಿನ ಸರಳು ಬಿಚ್ಚಿ ಮೇಲೆ ಕಟ್ಟಿದ್ದರು,
ಒಲೆ ತಣ್ಣಗೆ, ಸರಕು ರೈಲಿನ ಬಾಲಕ್ಕೆ ಅದು,
ಡೋವ್ರೆ ಬೆಟ್ಟ ಹತ್ತಿ ಇಳಿದು ದಕ್ಷಿಣಕ್ಕೆ,
ಐನೂರಕ್ಕೂ ಹೆಚ್ಚು ನಿಜವಾದ ಕಿಲೋಮೀಟರ್.
ನಿಯಮ ತೆಗೆದು ನೋಡಿದೆ:
ಎಳೆಸಿಕೊಂಡು ಹೋಗುವ ಎಂಜಿನ್ನಿಗೆ ದೂರ ಹಿಡಿಯತಕ್ಕದ್ದಲ್ಲ.
ಸೊನ್ನೆ ಬರೆದೆ.

ನಿವೃತ್ತನಾಗಿದ್ದ ಆರ್ನ್‌ಲ್ಯೋಟ್ ಬಂದಿದ್ದ, ಭಾನುವಾರದ ಕೋಟಿನಲ್ಲಿ.
ಹಳಿ ಖಾಲಿಯಾದ ಮೇಲೂ ನಿಂತಿದ್ದು ಕೇಳಿದ:
ಡೋವ್ರೆ ಮೇಲೆ ಈಗಲೂ ಹಿಮ ಇರುತ್ತದೆಯೇ?
ಇರುತ್ತದೆ ಸ್ವಲ್ಪ, ಅಂದೆ.
ನಾನೂ ನೋಡಿರಲಿಲ್ಲ.